ಗೂಡು ನೋಡಿ ನೂಲು ಹೇಳುವುದು

ಎಲ್ಲರಿಗೂ ನಮಸ್ಕಾರ. ವಿಡಿಯೋ ಗೇಮ್ ಬಗ್ಗೆ ಮಾತಾಡೋಕೆ ಚಿಕ್ಕಬಳ್ಳಾಪುರಕ್ಕೆ ಕರೆದಿದ್ದಾರೆ ಅಂತ ಹೇಳಿದಾಗ ನಮ್ಮಮ್ಮ ನಂಬಲೇ ಇಲ್ಲ. "ಆಡೋದಕ್ಕೂ ಉಪನ್ಯಾಸ ಬೇಕಾ ಈಗ?" ಅಂದರು. ಅವರ ಅನುಮಾನ ಪೂರ್ತಿ ತಪ್ಪೇನಲ್ಲ. ಆದರೆ ಇವತ್ತಿನ ವಿಷಯ ಆಡುವುದರ ಬಗ್ಗೆ ಅಲ್ಲ. ಗೇಮ್ ಇನ್ನೂ ಬಿಡುಗಡೆಯೇ ಆಗಿರುವುದಿಲ್ಲ, ನಾವು ಎರಡು ನಿಮಿಷದ ಟ್ರೇಲರ್ ನೋಡಿ "ಗ್ರಾಫಿಕ್ಸ್ ಸೂಪರ್" ಅಂತಲೋ "ಥೂ, ಮೊಬೈಲ್ ಗೇಮ್ ಥರ ಇದೆ" ಅಂತಲೋ ತೀರ್ಪು ಕೊಟ್ಟುಬಿಡುತ್ತೇವಲ್ಲ, ಅದರ ಬಗ್ಗೆ.

ಮೊದಲು ನನ್ನ ಪರಿಚಯ. ನಾನು ಶಿಡ್ಲಘಟ್ಟದವನು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಒಂಬತ್ತು ವರ್ಷದಿಂದ ಕಲ್ಲು, ಗೋಡೆ, ಮರದ ಬೇರು ಮಾಡುತ್ತಿದ್ದೇನೆ. ಹೊರದೇಶದ ಕಂಪನಿಗಳು ದೊಡ್ಡ ಫ್ಯಾಂಟಸಿ ಗೇಮ್ ಮಾಡುವಾಗ ಇಂಥ ಚಿಲ್ಲರೆ ಕೆಲಸಗಳನ್ನು ಹೊರಗಿನವರಿಗೆ ಕೊಡುತ್ತವೆ. ಡ್ರ್ಯಾಗನ್ ಬೇರೆ ಯಾರೋ ಮಾಡುತ್ತಾರೆ. ಡ್ರ್ಯಾಗನ್ ಕೂತುಕೊಳ್ಳುವ ಬಂಡೆ ನನ್ನದು.

ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರುಗಳಿಗೆ ಒಂದು ಮಾತು. ರೋಲ್ ಪ್ಲೇಯಿಂಗ್ ಗೇಮ್ ಅಂದರೆ ನೀವೇ ಒಂದು ಪಾತ್ರ ಆಗಿ, ಅದಕ್ಕೆ ಬಟ್ಟೆ, ಕತ್ತಿ, ವಿದ್ಯೆ ಎಲ್ಲ ಕೂಡಿಸುತ್ತಾ, ಐವತ್ತು ನೂರು ಗಂಟೆ ಒಂದು ಲೋಕದಲ್ಲಿ ಓಡಾಡುವ ಆಟ. ನೂರು ಗಂಟೆ ಅನ್ನೋದು ನೆನಪಿರಲಿ. ಟ್ರೇಲರ್ ಎರಡೇ ನಿಮಿಷ.

ನಮ್ಮಪ್ಪ ರೀಲರ್, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರು. ಶಾಲೆಗೆ ರಜೆ ಇದ್ದಾಗ ಅವರ ಜೊತೆ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದೆ. ಕನ್ನಡ, ತೆಲುಗು, ಉರ್ದು ಎಲ್ಲ ಒಟ್ಟಿಗೆ ಕಿವಿಗೆ ಬೀಳುವ ಜಾಗ. ರೈತರು ಗೂಡು ಸುರಿದಿಟ್ಟಿರುತ್ತಾರೆ. ಅಪ್ಪ ಮೇಲೆ ಕಾಣುವ ಗೂಡನ್ನು ಮುಟ್ಟುತ್ತಲೇ ಇರಲಿಲ್ಲ. ಮೊಣಕೈವರೆಗೂ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದರು. ಹೆಬ್ಬೆರಳಲ್ಲಿ ಒತ್ತಿ ಗಟ್ಟಿ ಇದೆಯಾ ನೋಡುತ್ತಿದ್ದರು. ಆಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಹುಳು ಚೆನ್ನಾಗಿದ್ದರೆ ಟಕ್ ಟಕ್ ಅನ್ನುತ್ತದೆ, ಸತ್ತು ಕರಗಿ ಅಂಟಿಕೊಂಡಿದ್ದರೆ ಸದ್ದೇ ಬರುವುದಿಲ್ಲ. ಕಲೆ ಎಷ್ಟು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಎಷ್ಟು ಅಂತ ಕಣ್ಣಲ್ಲೇ ಎಣಿಸಿ, ಕೊನೆಗೆ "ಇದು ಎಂಟು ಬೀಳುತ್ತೆ" ಅನ್ನುತ್ತಿದ್ದರು. ಅಂದರೆ ಒಂದು ಕೆಜಿ ರೇಷ್ಮೆ ತೆಗೆಯೋಕೆ ಎಂಟು ಕೆಜಿ ಗೂಡು ಬೇಕು ಅಂತ. ಅದಕ್ಕೆ ರೆಂಡಿಟ್ಟಾ ಅಂತಾರೆ. ಆದರೂ ಮನೆಗೆ ತಂದು ಬಿಸಿ ನೀರಿಗೆ ಹಾಕಿ ಎಳೆ ಹಿಡಿಯುವವರೆಗೂ ಅದು ಊಹೆಯೇ. ಒಂದು ಸಲ ಅವಸರದಲ್ಲಿ ಮೇಲಿಂದ ನೋಡಿಯೇ ಒಂದು ಲಾಟ್ ತಂದುಬಿಟ್ಟರು. ಬೆಳ್ಳಗೆ, ಎಲ್ಲ ಒಂದೇ ಗಾತ್ರ, ಮಲ್ಲಿಗೆ ಮೊಗ್ಗು ಸುರಿದ ಹಾಗಿತ್ತು. ಬಿಚ್ಚೋಕೆ ಕೂತರೆ ಎಳೆ ನಿಮಿಷಕ್ಕೊಂದು ಸಲ ತುಂಡಾಗುತ್ತಿತ್ತು. ಆ ವಾರ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಟ್ರೇಲರ್‌ನಲ್ಲಿ ನಾವು ನೋಡುವುದು ಮೇಲಿನ ಗೂಡು.

ಇನ್ನೂ ಸುಲಭವಾಗಿ ಹೇಳಬೇಕಾ? ಇಲ್ಲಿಂದ ನಂದಿಬೆಟ್ಟ ಕಾಣುತ್ತದಲ್ಲ. ಬೆಳಗ್ಗೆ ಆರು ಗಂಟೆಗೆ ಮೇಲೆ ನಿಂತು ಮೋಡದ ಸಮುದ್ರದ ಫೋಟೋ ತೆಗೆದರೆ ಯಾರು ತೆಗೆದರೂ ಚೆನ್ನಾಗಿಯೇ ಬರುತ್ತದೆ. ಅದೇ ಬೆಟ್ಟದ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ಫೋಟೋ ತೆಗೆದು ನೋಡಿ. ಫ್ಯಾಂಟಸಿ ಗೇಮ್‌ಗಳ ಟ್ರೇಲರ್‌ನಲ್ಲಿ ಯಾವಾಗಲೂ ಆರು ಗಂಟೆ. ವಾರೆ ಬಿಸಿಲು, ಮಂಜು, ಉದ್ದ ನೆರಳು. ಮಂಜು ಅಂದಕ್ಕೂ ಹೌದು, ಬಚ್ಚಿಡೋಕೂ ಹೌದು: ದೂರದ ಗುಡ್ಡ ಇನ್ನೂ ಪೂರ್ತಿ ಮಾಡಿರದಿದ್ದರೆ ಅದರ ಮುಂದೆ ಮಂಜು ಎಳೆಯುತ್ತೇವೆ. ನಾನೇ ಎಳೆದಿದ್ದೇನೆ. ಹಾಗಾಗಿ ಟ್ರೇಲರ್‌ನಲ್ಲಿ ನಡು ಮಧ್ಯಾಹ್ನದ ಒಂದು ಶಾಟ್ ಇದ್ದರೆ, ಬಯಲಲ್ಲಿ, ಮಂಜಿಲ್ಲದೆ, ಅದನ್ನು ನಿಲ್ಲಿಸಿ ನೋಡಿ. ಅಲ್ಲೂ ಚೆನ್ನಾಗಿದ್ದರೆ ಆ ಟೀಮ್ ಕೆಲಸ ಮಾಡಿದೆ ಅಂತ ಅರ್ಥ.

ಈಗ ಎಲ್ಲರೂ ಎತ್ತುವ ಹಳೇ ಜಗಳ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯ 'ದಿ ವಿಚರ್ 3'. 2013ರ ಡಿಸೆಂಬರ್‌ನಲ್ಲಿ ಟ್ರೇಲರ್ ಬಂತು, ಗೇಮ್ ಬಂದದ್ದು 2015ರ ಮೇ 19ಕ್ಕೆ. ಬಂದ ತಕ್ಷಣ ಜನ ಪಕ್ಕಪಕ್ಕದಲ್ಲಿ ಚಿತ್ರ ಇಟ್ಟರು. ಅಲ್ಲಿ ಹೊಗೆ ಹೆಂಗಿತ್ತು, ಇಲ್ಲಿ ಹೆಂಗಿದೆ, ಬೆಳಕು ಎಲ್ಲಿ ಹೋಯಿತು ಅಂತ. ಕಂಪನಿಯವರು ಒಪ್ಪಿಕೊಂಡರು. ಮೊದಲು ತೋರಿಸಿದ ರೀತಿಯ ಬೆಳಕಿನ ಲೆಕ್ಕಾಚಾರ ಅಷ್ಟು ದೊಡ್ಡ ಬಯಲು ಪ್ರಪಂಚದಲ್ಲಿ ನಡೆಯಲಿಲ್ಲ, ಬೇರೆ ದಾರಿ ಹಿಡಿದೆವು ಅನ್ನುವ ಅರ್ಥದಲ್ಲಿ ಹೇಳಿದರು. ಅದೇ ಗೇಮ್ ಆ ವರ್ಷದ 'ದಿ ಗೇಮ್ ಅವಾರ್ಡ್ಸ್'ನಲ್ಲಿ ವರ್ಷದ ಗೇಮ್ ಆಯಿತು. ಜಗಳ ಆಡಿದವರಲ್ಲಿ ಅರ್ಧ ಜನ ಅದನ್ನು ಎರಡೆರಡು ಸಲ ಮುಗಿಸಿದ್ದಾರೆ ಅನ್ನೋದು ನನ್ನ ಅನುಮಾನ. ನಾನೂ ಒಬ್ಬ.

ಹಾಗಾದರೆ ತೋರಿಸಿದ್ದಕ್ಕಿಂತ ಗ್ರಾಫಿಕ್ಸ್ ಇಳಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಲೇಬಾರದಾ? ಹಾಗಲ್ಲ. 2014ರ 'ಡಾರ್ಕ್ ಸೋಲ್ಸ್ 2' ಗೇಮ್ ನೋಡಿ. ಮುಂಚೆ ತೋರಿಸಿದಾಗ ಒಳಗೆಲ್ಲ ಗವ್ವೆನ್ನುವ ಕತ್ತಲು. ಪಂಜು ಹಿಡಿದರೆ ಮಾತ್ರ ದಾರಿ ಕಾಣುತ್ತದೆ, ಪಂಜು ಹಿಡಿದರೆ ಗುರಾಣಿ ಹಿಡಿಯೋಕೆ ಕೈ ಇಲ್ಲ. ಎಂಥ ಒಳ್ಳೆಯ ಭಯ ಅದು! ಬಿಡುಗಡೆಯಾದಾಗ ಬೆಳಕಿನ ಲೆಕ್ಕ ಸರಳ ಮಾಡಿದ್ದರು, ಮುಕ್ಕಾಲು ಪಾಲು ಜಾಗದಲ್ಲಿ ಪಂಜಿಲ್ಲದೆಯೂ ದಾರಿ ಕಾಣುತ್ತಿತ್ತು. ಕಡಿಮೆಯಾದದ್ದು ಬರೀ ಅಂದ ಅಲ್ಲ, ಆಟವೇ ಕಡಿಮೆಯಾಯಿತು. ವಿಚರ್‌ನಲ್ಲಿ ಹೊಗೆ ತೆಳ್ಳಗಾದರೆ ನನಗೇನೂ ಇಲ್ಲ. ಇಲ್ಲಿ ಕೋಪ ಬಂತು, ಇನ್ನೂ ಹೋಗಿಲ್ಲ.

ಇಳಿಸುವುದು ಯಾಕೆ ಅಂತ ನನ್ನ ಕೆಲಸದಿಂದಲೇ ಹೇಳುತ್ತೇನೆ. ಸೆಕೆಂಡಿಗೆ 60 ಚಿತ್ರ ಬೇಕು ಅಂದರೆ ಒಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. 30 ಸಾಕು ಅಂದರೆ 33.3. ಅಷ್ಟರೊಳಗೆ ಆಕಾಶ, ನೆರಳು, ಕುದುರೆ ಬಾಲ, ಶತ್ರುವಿನ ಯೋಚನೆ, ನನ್ನ ಬಂಡೆ ಎಲ್ಲ ಮುಗಿಯಬೇಕು. ಕಂಪ್ಯೂಟರ್‌ನಲ್ಲಿ ಯಾವ ಆಕಾರವೂ ಚಿಕ್ಕ ಚಿಕ್ಕ ತ್ರಿಕೋನ ಜೋಡಿಸಿ ಆದದ್ದು. ಬಂಡೆಯನ್ನು ಮೊದಲು ಕೋಟಿಗಟ್ಟಲೆ ತ್ರಿಕೋನದಲ್ಲಿ ಕೆತ್ತುತ್ತೇನೆ. ಆಮೇಲೆ ಅದನ್ನು ನಾಲ್ಕೈದು ಸಾವಿರಕ್ಕೆ ಇಳಿಸಿ, ಬಿರುಕು, ಗುಳಿ ಎಲ್ಲವನ್ನೂ ಒಂದು ಚಿತ್ರ ಮಾಡಿ ಮೇಲೆ ಅಂಟಿಸುತ್ತೇನೆ. ಬೆಳಕು ಬಿದ್ದಾಗ ಬಿರುಕು ಇದ್ದ ಹಾಗೆ ಕಾಣುತ್ತದೆ, ನಿಜವಾಗಿ ಇರುವುದಿಲ್ಲ. ಗೇಮ್ ಕಟ್ಟುವ ಇತ್ತೀಚಿನ ತಂತ್ರಾಂಶ ಅನ್‌ರಿಯಲ್ ಎಂಜಿನ್ 5ರಲ್ಲಿ ಕೋಟಿ ತ್ರಿಕೋನವನ್ನೇ ನೇರ ಹಾಕಬಹುದು, ಆದರೂ ಮೆಮೊರಿ ಅನ್ನುವ ಜಿಪುಣ ಬಾಗಿಲಲ್ಲಿ ಕೂತೇ ಇರುತ್ತಾನೆ.

ಒಂದು ಗೇಮ್‌ಗೆ ಹಾಳು ಮಂಟಪ ಮಾಡಿಕೊಟ್ಟಿದ್ದೆ. ಹೆಸರು ಹೇಳುವಂತಿಲ್ಲ, ಸಹಿ ಹಾಕಿದ್ದೇನೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ ಕಂಬಗಳ ಮುಂದೆ ಎರಡು ದಿನ ಕೂತು ಬಂದಿದ್ದೆ. ಕಲ್ಲು ಎಲ್ಲಿ ನುಣುಪು, ಎಲ್ಲಿ ಒರಟು ಅಂತ ನೋಡೋಕೆ. ಕೈಗೆ ಎಟುಕುವ ಎತ್ತರದ ಕಲ್ಲು ಮೇಲಿನ ಕಲ್ಲಿಗಿಂತ ಬೇರೆಯಾಗಿಯೇ ಹೊಳೆಯುತ್ತದೆ, ಅಷ್ಟು ಜನ ಮುಟ್ಟಿದ್ದಾರೆ. ಅದನ್ನೂ ಹಾಕಿದ್ದೆ. ಟ್ರೇಲರ್‌ನಲ್ಲಿ ನಾಲ್ಕು ಸೆಕೆಂಡ್ ಬಂತು, ಆಫೀಸಿನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. ಎಂಟು ತಿಂಗಳ ಮೇಲೆ ಮೇಲ್ ಬಂತು, ಟೆಕ್ಸ್ಚರ್ ಗಾತ್ರ, ಅಂದರೆ ಕಲ್ಲಿನ ಮೇಲೆ ಅಂಟಿಸುವ ಆ ಚಿತ್ರದ ಗಾತ್ರ, ಅರ್ಧ ಮಾಡಿ. ಮಾಡಿದೆ. ಬಿಡುಗಡೆಯ ಮಾರನೇ ದಿನ ಒಂದು ಹೋಲಿಕೆಯ ಚಿತ್ರ ಎಲ್ಲ ಕಡೆ ಓಡಾಡಿತು. ಕೆಂಪು ಬಣ್ಣದಲ್ಲಿ ಸುತ್ತು ಹಾಕಿದ್ದು ನನ್ನ ಕಂಬಕ್ಕೆ. ಕೆಳಗೆ ಒಬ್ಬರು "ಸೋಂಬೇರಿಗಳು" ಅಂತ ಬರೆದಿದ್ದರು. ನಗು ಬಂತು, ಆಮೇಲೆ ಬರಲಿಲ್ಲ.

ನಾವು ತೋರಿಸುವ ಮೊದಲ ತುಂಡಿಗೆ ಈ ಉದ್ಯಮದಲ್ಲಿ ವರ್ಟಿಕಲ್ ಸ್ಲೈಸ್ ಅಂತಾರೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಹಾಗೆ ಅಂದುಕೊಳ್ಳಿ. ಒಂದೇ ವ್ಯತ್ಯಾಸ, ಆ ಅಗುಳನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿರುತ್ತಾರೆ.

ಹಾಗಂತ ಬೈಗುಳ ಬರೀ ಕಂಪನಿಗೆ ಅಲ್ಲ, ನೋಡುವ ನಮಗೂ ಸ್ವಲ್ಪ ಇದೆ. "ಹುಲ್ಲು ಮಸುಕಾಗಿದೆ" ಅಂತ ಫೋನ್‌ನಲ್ಲಿ ಯೂಟ್ಯೂಬ್ ನೋಡಿ ಹೇಳುವವರು ದಯವಿಟ್ಟು ಕೈ ಎತ್ತಬೇಡಿ, ನಾಚಿಕೆ ಆಗುತ್ತದೆ. ವಿಡಿಯೋ ಕಳಿಸುವಾಗ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಗಿದೆಯೋ ಅಷ್ಟನ್ನೇ ಕಳಿಸಿ ಜಾಗ ಉಳಿಸುತ್ತಾರೆ. ಸುಮ್ನೆ ನಿಂತ ಮುಖ ಆದರೆ ಬದಲಾಗುವುದು ಕಮ್ಮಿ, ಸ್ಪಷ್ಟವಾಗಿ ಬರುತ್ತದೆ. ಗಾಳಿಗೆ ಅಲ್ಲಾಡುವ ಹುಲ್ಲು, ಮಳೆ, ಕಿಡಿ, ಉದುರುವ ಎಲೆ ಬಂದಾಗ ಪ್ರತಿ ಚುಕ್ಕಿಯೂ ಬದಲಾಗುತ್ತದೆ, ಅಷ್ಟು ಮಾಹಿತಿಗೆ ಜಾಗ ಇಲ್ಲ, ಎಲ್ಲ ಸೇರಿ ಅಂಬಲಿ. ಕತ್ತಲೆ ಗುಹೆಯೂ ಅಷ್ಟೇ, ಕಪ್ಪು ಪಟ್ಟಿ ಪಟ್ಟಿಯಾಗಿ ಒಡೆಯುತ್ತದೆ. ಫ್ಯಾಂಟಸಿ ಗೇಮ್‌ನಲ್ಲಿ ಇರುವುದೇ ಹುಲ್ಲು, ಮಳೆ, ಕಿಡಿ, ಗುಹೆ! ಹಾಗಾಗಿ ಸೂಕ್ಷ್ಮಗಳ ಬಗ್ಗೆ ಟ್ರೇಲರ್ ನೋಡಿ ಏನೂ ಹೇಳೋಕೆ ಆಗುವುದಿಲ್ಲ ಅನ್ನೋದೇ ನನ್ನ ಅಭಿಪ್ರಾಯ. 4ಕೆಯಲ್ಲಿ, ದೊಡ್ಡ ಪರದೆಯಲ್ಲಿ ನೋಡಿದರೆ ಸ್ವಲ್ಪ ವಾಸಿ.

ಬಣ್ಣ, ಶೈಲಿಯ ಬಗ್ಗೆ ಹೇಳಬಹುದಾ? ಹೇಳಬಹುದು, ಆದರೆ ಅಲ್ಲಿ ಕಣ್ಣಿಗಿಂತ ಜಾಸ್ತಿ ಮೋಸ ಮಾಡುವುದು ನಮ್ಮ ನೆನಪು. 2008ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಬ್ಲಿಝಾರ್ಡ್ ಕಂಪನಿ 'ಡಯಾಬ್ಲೋ 3' ತೋರಿಸಿತು. ಹಳೇ ಡಯಾಬ್ಲೋ ಅಂದರೆ ಕತ್ತಲು, ರಕ್ತ, ಕಂದು ಬಣ್ಣ. ಇದರಲ್ಲಿ ಹಸಿರು ಹುಲ್ಲು, ನೀಲಿ ಹೊಳಪು, ಒಂದು ಕಡೆ ಕಾಮನಬಿಲ್ಲು. ಅಭಿಮಾನಿಗಳು ಸಹಿ ಸಂಗ್ರಹ ಮಾಡಿದರು. ಚಿತ್ರಗಳನ್ನು ತಾವೇ ಕಪ್ಪು ಮಾಡಿ "ಹೀಗಿರಬೇಕು" ಅಂತ ಹಾಕಿದರು. ಬ್ಲಿಝಾರ್ಡ್ ಬಗ್ಗಲಿಲ್ಲ. ಎಲ್ಲವೂ ಕಂದು ಕಪ್ಪು ಆದರೆ ನೂರು ರಾಕ್ಷಸರ ನಡುವೆ ಯಾರು ಎಲ್ಲಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಆ ಕಪ್ಪು ಚಿತ್ರಗಳು ನಿಂತ ಚಿತ್ರವಾಗಿ ಚೆಂದ, ಆಡೋಕೆ ಕಷ್ಟ. 2012ರ ಮೇ ತಿಂಗಳಲ್ಲಿ ಗೇಮ್ ಬಂದಾಗ ಒಳಗೆ ಒಂದು ಗುಟ್ಟಿನ ಹಂತ ಇತ್ತು, ವಿಮ್ಸಿಶೈರ್ ಅಂತ. ಕಾಮನಬಿಲ್ಲು, ನಗುವ ಮೋಡ, ಕೊಂಬಿನ ಕುದುರೆ ಎಲ್ಲ ತುಂಬಿದ್ದರು. ಬೈದವರಿಗೆ ಅಷ್ಟು ಚೆಂದದ ಉತ್ತರ ಕೊಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಿಂಟೆಂಡೋ ಕಂಪನಿಯದ್ದೂ ಇದೇ ಕಥೆ. 2000ದಲ್ಲಿ ಒಂದು ಪ್ರದರ್ಶನದಲ್ಲಿ ಜೆಲ್ಡಾ ಅನ್ನುವ ಗೇಮ್ ಸರಣಿಯ ನೈಜ ಶೈಲಿಯ ತುಣುಕು ತೋರಿಸಿದರು. ಮರು ವರ್ಷ ತೋರಿಸಿದ್ದು ಕಾರ್ಟೂನ್ ಥರದ 'ವಿಂಡ್ ವೇಕರ್'. ಮಕ್ಕಳಾಟ ಅಂತ ಆಡಿಕೊಂಡರು. ಇವತ್ತು 2002ರ ಆ ಗೇಮ್ ಹಾಕಿ ನೋಡಿ, ಕಣ್ಣಿಗೆ ಇನ್ನೂ ಹಿತವಾಗಿದೆ. ಅದೇ ಕಾಲದ "ನೈಜ" ಗೇಮ್‌ಗಳ ಮುಖ ನೋಡಿದರೆ ಮಣ್ಣಿನ ಗೊಂಬೆ ಒಣಗಿಸಿಟ್ಟ ಹಾಗಿರುತ್ತದೆ. ನಮ್ಮಲ್ಲೂ ಒಂದು ಉದಾಹರಣೆ ಇದೆ: ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ 'ರಾಜಿ'. ಪಹಾಡಿ ಚಿತ್ರಕಲೆಯ ಬಣ್ಣ, ಕಥೆ ಹೇಳುವ ಭಾಗ ನೆರಳು ಗೊಂಬೆಯಾಟದ ಥರ. ತೊಗಲುಗೊಂಬೆ ನೋಡಿದವರಿಗೆ ತಕ್ಷಣ ಹತ್ತಿರ ಅನ್ನಿಸುತ್ತದೆ. ದೊಡ್ಡ ಕಂಪನಿಗಳ ತ್ರಿಕೋನದ ಲೆಕ್ಕದಲ್ಲಿ ಅದು ಏನೇನೂ ಅಲ್ಲ.

ಟ್ರೇಲರ್ ಕತ್ತರಿಸಿದವರೇ ಕೆಡಿಸುವುದೂ ಉಂಟು. 'ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್'ನ ಮೊದಲ ಟ್ರೇಲರ್ 2024ರ ಜೂನ್ 9ಕ್ಕೆ ಬಂತು. ತಮಾಷೆ, ಗಾಢ ಬಣ್ಣ, ಒಬ್ಬೊಬ್ಬರ ಪರಿಚಯ. ಜನ ಮುಖ ಸಿಂಡರಿಸಿದರು. ಎರಡೇ ದಿನಕ್ಕೆ ನಿಜವಾದ ಆಟದ ದೃಶ್ಯ ಬಿಟ್ಟರು. ಮಳೆ, ಕತ್ತಲೆ ಊರು, ಬೇರೆಯೇ ಹದ. ಎರಡೂ ಒಂದೇ ಗೇಮ್. ಎರಡು ದಿನದಲ್ಲಿ ಗ್ರಾಫಿಕ್ಸ್ ಬದಲಾಗಿರೋಕೆ ಸಾಧ್ಯವಾ?

ಹಾಗಾದರೆ ತಳದ ಗೂಡು ಎಲ್ಲಿದೆ ಅಂತ ಕೇಳುತ್ತೀರಿ. ನಾನು ನೋಡುವುದು ಹೇಳುತ್ತೇನೆ, ನಿಮ್ಮದು ಬೇರೆ ಇರಬಹುದು. ಮೊದಲು ಪಾದ. ಇಳಿಜಾರಿನಲ್ಲಿ, ಮೆಟ್ಟಿಲಲ್ಲಿ ಪಾದ ನೆಲಕ್ಕೆ ಕೂರುತ್ತದಾ, ಗಾಳಿಯಲ್ಲಿ ತೇಲುತ್ತದಾ. ಆಮೇಲೆ ಸುಮ್ನೆ ನಿಂತು ಮಾತಾಡುವ ಮುಖ, ಅದರಲ್ಲೂ ನಾಯಕನದಲ್ಲ, ತರಕಾರಿ ಮಾರುವ ಮುದುಕಿಯದು. ರೋಲ್ ಪ್ಲೇಯಿಂಗ್ ಗೇಮ್‌ನಲ್ಲಿ ಗಂಟೆಗಟ್ಟಲೆ ನೋಡುವುದು ಅಂಥವರನ್ನೇ. ಕ್ಯಾಮೆರಾ ಸರ್ರನೆ ತಿರುಗಿದಾಗ ದೂರದ ಮರ ತಟ್ಟನೆ ಹುಟ್ಟುತ್ತದಾ ನೋಡುತ್ತೇನೆ. ಇನ್ನೊಂದು ನನ್ನ ಹುಚ್ಚು: ಹಳೇ ಊರು ಅಂತ ತೋರಿಸಿದರೆ ಮೆಟ್ಟಿಲಿನ ನಡುಭಾಗ ಸವೆದಿದೆಯಾ ಅಂತ. ಐನೂರು ವರ್ಷದ ಮೆಟ್ಟಿಲು ಅಂಚು ಚೂಪಾಗಿದ್ದರೆ ಅಲ್ಲಿ ಯಾರೂ ಬದುಕಿಲ್ಲ ಅಂತ ನನಗೆ ಅನ್ನಿಸಿಬಿಡುತ್ತದೆ, ಬೆಳಕು ಎಷ್ಟೇ ಚೆನ್ನಾಗಿರಲಿ.

ದುಡ್ಡಿನ ವಿಷಯ ಚಿಕ್ಕದು. ಮುಂಗಡ ಬುಕ್ ಮಾಡಬೇಡಿ. ಡಿಜಿಟಲ್ ಪ್ರತಿ ಖಾಲಿ ಆಗಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತೆಗೆದುಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ವಾಪಸ್ ಕೊಡಬಹುದು. ಅಪ್ಪನಿಗೆ ಆ ಅನುಕೂಲ ಇರಲಿಲ್ಲ. ಬಿಸಿ ನೀರಿಗೆ ಬಿದ್ದ ಗೂಡನ್ನು ಯಾರು ವಾಪಸ್ ತಗೋತಾರೆ?

ಸರಿ, ಹಿಂದಿನ ಸಾಲಿನವರು ಲೈಟ್ ಆರಿಸಿ. ಇನ್ನೂ ಬಿಡುಗಡೆಯಾಗದ ಒಂದು ಗೇಮ್‌ನ ಟ್ರೇಲರ್ ಹಾಕುತ್ತೇನೆ. ಮೊದಲ ಸಲ ಸೌಂಡ್ ಇರುವುದಿಲ್ಲ. ಡೋಲು, ಕೋರಸ್ ತೆಗೆದರೆ ಎಷ್ಟು ಉಳಿಯುತ್ತದೆ ನೋಡೋಣ. ಪಾದ ಯಾರು ಮೊದಲು ನೋಡುತ್ತೀರೋ ಅವರು ಕೂಗಿ ನಿಲ್ಲಿಸಿ.