ರಾತ್ರಿ ಒಂಬತ್ತರ ಚರ್ಚೆ ಮತ್ತು ಒಂದು ಹೆಂಟೆ ಶೇಡಿ ಮಣ್ಣು

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಶಿರಸಿಯವರು ಮಾತು ಕೇಳಲು ಕೂತರೆ ಪೂರ್ತಿ ಕೇಳಿಯೇ ಏಳುತ್ತಾರೆ ಅಂತ ನಮ್ಮ ಕುಮಟಾ ಕಡೆ ಹೇಳುತ್ತಾರೆ. ಹಾಗಾಗಿ ಧೈರ್ಯದಿಂದ ನಿಂತಿದ್ದೇನೆ.

ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿದವನು. ಟಿವಿ ಚರ್ಚೆಯ ಬಗ್ಗೆ ಮಾತಾಡಲು ನಾನು ಒಪ್ಪಿಕೊಂಡಿದ್ದಕ್ಕೆ ಕಾರಣ ಇದೆ. ಒಂದು ರಾತ್ರಿ ಆ ಪುಟ್ಟ ಚೌಕಗಳಲ್ಲಿ ಒಂದರೊಳಗೆ ನಾನೂ ಇದ್ದೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ 66ರ ಮೇಲೆ ಬಿತ್ತು. ಮಣ್ಣು ಗಂಗಾವಳಿಗೆ ನುಗ್ಗಿತು. ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಆ ವಾರವೇ ಒಂದು ವಾಹಿನಿಯಿಂದ ಫೋನ್ ಬಂತು. ‘ರಾತ್ರಿ ಒಂಬತ್ತಕ್ಕೆ ಚರ್ಚೆ ಇದೆ ಸರ್, ವಿಡಿಯೋ ಕಾಲ್‌ನಲ್ಲಿ ಬನ್ನಿ.’

ನಾನು ತಯಾರಿ ಮಾಡಿಕೊಂಡೆ. ಸ್ಟೀಲ್ ತಟ್ಟೆಯಲ್ಲಿ ಒಂದು ಹೆಂಟೆ ಶೇಡಿ ಮಣ್ಣು, ಪಕ್ಕದಲ್ಲಿ ಒಂದು ಚೊಂಬು ನೀರು. ನಮ್ಮ ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಮೇಲೆ ಚಿರೆಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಈ ಶೇಡಿ ಅನ್ನುವ ಜೇಡಿ ಮಣ್ಣು. ಮಳೆ ನೀರು ಚಿರೆಕಲ್ಲಿನ ತೂತುಗಳಿಂದ ಇಳಿದು ಶೇಡಿಯಲ್ಲಿ ನಿಲ್ಲುತ್ತದೆ. ಒಣಗಿದಾಗ ಗಟ್ಟಿ ಇರುವ ಮಣ್ಣು, ನೀರು ಕುಡಿದರೆ ಬೆಣ್ಣೆ. ರಸ್ತೆಗಾಗಿ ಬುಡವನ್ನು ನೆಟ್ಟಗೆ ಕಡಿದಿದ್ದರೆ ಮೇಲಿನ ಭಾರಕ್ಕೆ ಆಸರೆ ಎಲ್ಲಿ? ಇದನ್ನು ಹೇಳಲು ಎರಡು ನಿಮಿಷ ಸಾಕು. ತಟ್ಟೆಗೆ ನೀರು ಹಾಕಿ ತೋರಿಸಿದರೆ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ.

ನಲವತ್ತು ನಿಮಿಷ ಕಾದೆ. ಎರಡು ಪಕ್ಷದವರು ಯಾರ ಕಾಲದಲ್ಲಿ ಗುಡ್ಡ ಕಡಿದಿದ್ದು ಅಂತ ಜಗಳ ಆಡುತ್ತಿದ್ದರು. ಕೊನೆಗೆ ನನ್ನ ಸರದಿ ಬಂತು. ‘ಸರ್, ಒಂದೇ ಮಾತಲ್ಲಿ ಹೇಳಿ, ಯಾರ ತಪ್ಪು?’ ನಾನು ತಟ್ಟೆ ಎತ್ತಿದೆ. ‘ಮೇಲೆ ಚಿರೆಕಲ್ಲು ಇರ್ತದೆ, ಕೆಳಗೆ...’ ಅನ್ನುವಷ್ಟರಲ್ಲಿ ಬ್ರೇಕ್. ಬ್ರೇಕ್ ಮುಗಿದ ಮೇಲೆ ವಿಷಯ ಬೇರೆ ಆಗಿತ್ತು.

ಆ ನಿರೂಪಕರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಿವಿಯಲ್ಲಿ ಒಂದು ಇಯರ್‌ಪೀಸ್ ಇರುತ್ತದೆ. ಎದುರಿನವರು ಮಾತಾಡುತ್ತಿರುವಾಗಲೇ ಒಳಗಿನಿಂದ ‘ಬ್ರೇಕ್ ತಗೊಳ್ಳಿ’ ಅಂತ ಹೇಳುತ್ತಿರುತ್ತಾರೆ. ಲೆಕ್ಕ ಹಾಕಿ ನೋಡಿ. ಗಂಟೆಗೆ ಜಾಹೀರಾತು 12 ನಿಮಿಷ ಮೀರಬಾರದು ಅಂತ ನಿಯಮ ಇದೆ. ಉಳಿದಿದ್ದು 48. ಆರು ಅತಿಥಿಗಳು, ಒಬ್ಬ ನಿರೂಪಕರು. ಸಮವಾಗಿ ಹಂಚಿದರೂ ಒಬ್ಬೊಬ್ಬರಿಗೆ ಏಳು ನಿಮಿಷ ಇಲ್ಲ. ಸಮವಾಗಿ ಯಾರೂ ಹಂಚುವುದಿಲ್ಲ, ದನಿ ಇದ್ದವರಿಗೆ ಜಾಸ್ತಿ.

ಇದೆಲ್ಲ ಟಿಆರ್‌ಪಿಗಾಗಿ ಅಂತ ನಾವು ಹೇಳಿಬಿಡುತ್ತೇವೆ, ಅಲ್ವಾ? ಪೂರ್ತಿ ನಿಜ ಅಲ್ಲ. 2020ರ ಅಕ್ಟೋಬರಿನಲ್ಲಿ ಸುದ್ದಿ ವಾಹಿನಿಗಳ ವಾರದ ಟಿಆರ್‌ಪಿ ರೇಟಿಂಗ್ ಪ್ರಕಟಿಸುವುದನ್ನೇ ನಿಲ್ಲಿಸಿದ್ದರು. ಮತ್ತೆ ಶುರುವಾಗಿದ್ದು 2022ರ ಮಾರ್ಚಿನಲ್ಲಿ. ಆ ಅವಧಿಯಲ್ಲಿ ನಾನು ದಿನಾ ರಾತ್ರಿ ನೋಡಿದ್ದೇನೆ. ಕೂಗಾಟ ಕಮ್ಮಿ ಆಯಿತು ಅಂತ ನನಗೆ ಅನ್ನಿಸಲಿಲ್ಲ. ಅದು ರೂಢಿ ಆಗಿಹೋಗಿದೆ. ನೋಡುವ ನಮಗೂ ಅದೇ ರೂಢಿ.

ಆದರೆ ನಮಗೆ ಬೇರೆ ರೂಢಿಯೂ ಇತ್ತು. ತಾಳಮದ್ದಲೆ ಕೇಳಿ ಬೆಳೆದವರು ನಾವು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಅಲ್ಲೂ ವಾದವೇ. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ, ‘ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಾನು ನಿನಗೇನು ಮಾಡಿದ್ದೆ?’ ರಾಮನ ಅರ್ಥ ಹೇಳುವವರು ಅದನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ‘ನೀನು ಹೀಗೆ ಕೇಳಿದೆ’ ಅಂತ ಅದೇ ಮಾತನ್ನು ಎತ್ತಿಕೊಂಡು ಉತ್ತರ ಕಟ್ಟಬೇಕು. ಜಾರಿಕೊಂಡರೆ ಚಾಪೆ ಮೇಲೆ ಕೂತ ಅಜ್ಜನಿಗೂ ಗೊತ್ತಾಗುತ್ತದೆ. ಬೆಳಿಗ್ಗೆ ಚಾ ಅಂಗಡಿಯಲ್ಲಿ ಅದೇ ಮಾತು: ‘ವಾಲಿ ಕೇಳಿದ್ದಕ್ಕೆ ರಾಮ ಉತ್ತರ ಹೇಳಲೇ ಇಲ್ಲ.’ ಟಿವಿ ಚರ್ಚೆಯನ್ನೂ ನಾವು ಇದೇ ಕಿವಿಯಿಂದ ಕೇಳಬೇಕು ಅಂತ ನನ್ನ ಆಸೆ. ಯಾರು ಗೆದ್ದರು ಅನ್ನುವುದು ಇರಲಿ. ಕೇಳಿದ ಪ್ರಶ್ನೆ ಏನು? ಅದಕ್ಕೆ ಉತ್ತರ ಬಂತಾ?

ಶಿರೂರಿನದ್ದನ್ನೇ ತಗೊಳ್ಳಿ. ಅವತ್ತು ಮಣ್ಣಿನ ಜೊತೆ ಕೊಚ್ಚಿಹೋಗಿ ನದಿಯಲ್ಲಿ ಮುಳುಗಿದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಡ್ರೆಜರ್, ಅಂದರೆ ಹೂಳೆತ್ತುವ ಯಂತ್ರ ತಂದ ಮೇಲೆ. 71 ದಿನ. ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಚರ್ಚೆ ಅಲ್ಲಿಗೆ ಓಡಿತು, ಅಲ್ಲಿಂದ ಇನ್ನೆಲ್ಲಿಗೋ. ಮುಂದಿನ ಮಳೆಗೆ ಯಾವ ಗುಡ್ಡ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಆ ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಓಡಾಡುವ ನಮಗೆ ಬೇಕಾದದ್ದು ಅದೊಂದೇ.

ಇನ್ನೊಂದು ಸಂಗತಿ ಹೇಳಲೇಬೇಕು. ಜೋರು ಮಳೆ ಬಂದರೆ ಡಿಶ್‌ಗೆ ಸಿಗ್ನಲ್ ಸಿಗುವುದಿಲ್ಲ, ಕರೆಂಟೂ ಇರುವುದಿಲ್ಲ. ಗುಡ್ಡದ ಬುಡದಲ್ಲಿ ಮನೆ ಇರುವವರು, ತಮ್ಮ ಬಗ್ಗೆ ಚರ್ಚೆ ನಡೆದ ರಾತ್ರಿ ದೀಪ ಹಚ್ಚಿಕೊಂಡು ಕೂತಿದ್ದರು. ಅವರಲ್ಲಿ ಒಬ್ಬರನ್ನಾದರೂ ಆ ಆರು ಜನರಲ್ಲಿ ಕೂರಿಸಬೇಕಿತ್ತು.

ಮರುವರ್ಷ ಮಳೆಗಾಲಕ್ಕೆ ಮುಂಚೆ ನಾನೇ ಆ ವಾಹಿನಿಗೆ ಫೋನ್ ಮಾಡಿದೆ. ‘ಈಗ ಒಂದು ಚರ್ಚೆ ಇಡಿ, ಗುಡ್ಡ ಬೀಳುವ ಮೊದಲು’ ಅಂದೆ. ನೋಡುತ್ತೇವೆ ಅಂದರು. ಈ ವರ್ಷವೂ ಮಾಡಿದ್ದೇನೆ. ಮುಂದಿನ ವರ್ಷವೂ ಮಾಡುತ್ತೇನೆ.

ಅವತ್ತಿನ ತಟ್ಟೆಯನ್ನು ಇಲ್ಲಿ ತಂದಿದ್ದೇನೆ. ಹೆಂಟೆ ಅದೇ. ಮುಂದಿನ ಸಾಲಿನವರು ಮೊದಲು ಮುಟ್ಟಿ ನೋಡಿ, ಎಷ್ಟು ಗಟ್ಟಿ ಇದೆ ಅಂತ. ತಂಗಿ, ಆ ಚೊಂಬು ಕೊಡಮ್ಮ. ಈಗ ನೀರು ಹಾಕುತ್ತೇನೆ.