ಸಿಸೇರಿಯನ್ ಆದ ಮೇಲೆ ನೋವು ನುಂಗಬೇಡಿ, ಮಾತ್ರೆ ನುಂಗಿ

ಕೇಳುಗರಿಗೆ ನಮಸ್ಕಾರ. ನಾನು ಅರಿವಳಿಕೆ ವೈದ್ಯೆ. ಮೊದಲೇ ದಿನ ಗೊತ್ತುಮಾಡಿಕೊಂಡು ಸಿಸೇರಿಯನ್‌ಗೆ ಬರುವ ಹೆಣ್ಣುಮಕ್ಕಳಿಗೆ, ಅವರ ಅಮ್ಮಂದಿರಿಗೆ, ಅತ್ತೆಯಂದಿರಿಗೆ ಈ ಮಾತು. ಅತ್ತೆಯಂದಿರು ರೇಡಿಯೋಗೆ ಸ್ವಲ್ಪ ಹತ್ತಿರ ಬನ್ನಿ.

ಆಪರೇಷನ್ ಹೊತ್ತಿನ ಭಯ ಬಿಡಿ. ನಿಮ್ಮನ್ನು ಕೂರಿಸಿ, ಬೆನ್ನು ಬಾಗಿಸಿ, ಸೊಂಟದ ಹತ್ತಿರ ಕೂದಲೆಳೆಯಂಥ ಸೂಜಿಯಿಂದ ಜೋಮು ಹಿಡಿಸುವ ಔಷಧಿ ಸುಮಾರು 2 ಎಂ.ಎಲ್. ಕೊಡುತ್ತೇವೆ. ಸೂಜಿ ಆಗಲೇ ಆಚೆ. ಮೊದಲು ಕಾಲು ಬೆಚ್ಚಗಾಗುತ್ತದೆ, ಆಮೇಲೆ ಭಾರ. ಸ್ಪಿರಿಟ್ ಹತ್ತಿ ಹೊಟ್ಟೆಗೆ ತಾಗಿಸಿ ‘ತಣ್ಣಗಿದೆಯಾ’ ಅಂತ ಕೇಳುತ್ತೇವೆ. ಇಲ್ಲ ಅಂದ ಮೇಲೇ ಮುಂದಿನ ಕೆಲಸ. ಎಳೆದ ಹಾಗೆ, ಒತ್ತಿದ ಹಾಗೆ ಅನಿಸುತ್ತದೆ, ನೋವಾಗುವುದಿಲ್ಲ. ಮಗುವಿನ ಮೊದಲ ಅಳು ನೀವೇ ಕೇಳುತ್ತೀರಿ. ವರ್ಷಗಟ್ಟಲೆ ಕಾಡುವ ಸೊಂಟನೋವಿಗೆ ಈ ಸೂಜಿಯನ್ನು ಬೈಬೇಡಿ, ಪಾಪ.

ತೊಂದರೆ ಇರುವುದು ಜೋಮು ಬಿಟ್ಟ ಮೇಲೆ. ಆಗ ಹೊತ್ತುಹೊತ್ತಿಗೆ ನೋವಿನ ಮಾತ್ರೆ ತಗೊಳ್ಳಬೇಕು. ನೋವು ಜೋರಾದ ಮೇಲಲ್ಲ, ಅದಕ್ಕೆ ಮೊದಲೇ.

ಒಬ್ಬ ಬಾಣಂತಿಯ ಕಥೆ ಹೇಳಲೇಬೇಕು. ರೌಂಡ್ಸ್‌ಗೆ ಹೋದಾಗ ಮುದುಡಿ ಮಲಗಿದ್ದಳು. ಮಗು ಹಾಲಿಗೆ ಅಳುತ್ತಿದೆ, ಇವಳಿಗೆ ಮಗ್ಗುಲಾಗಲೂ ಆಗುತ್ತಿಲ್ಲ. ಚಾರ್ಟ್‌ನಲ್ಲಿ 6 ಗಂಟೆಗೊಮ್ಮೆ ಪ್ಯಾರಾಸಿಟಮಾಲ್ ಬರೆದಿದೆ, ಸಿಸ್ಟರ್ ಕೊಟ್ಟೂ ಇದ್ದಾರೆ. ಮತ್ಯಾಕಮ್ಮಾ ನೋವು? ಅವಳು ಕಣ್ಣಲ್ಲೇ ಅತ್ತೆಯನ್ನು ತೋರಿಸಿದಳು. ಅತ್ತೆ ನಿಧಾನಕ್ಕೆ ಸೆರಗಿನ ಗಂಟು ಬಿಚ್ಚಿದರು. ಮಾತ್ರೆಗಳೆಲ್ಲ ಅಲ್ಲೇ ಭದ್ರ! ‘ಹಾಲಿಗೆ ಇಳಿದು ಮಗೂಗೆ ಏನಾದ್ರೂ ಆದ್ರೆ ಡಾಕ್ಟ್ರೇ? ನಾವೆಲ್ಲ ಹೆರಲಿಲ್ವಾ?’ ಹೆತ್ತಿರಿ ತಾಯಿ, ನಿಮ್ಮ ಹೊಟ್ಟೆ ಕೊಯ್ದಿರಲಿಲ್ಲ ಅಲ್ವಾ ಅಂದೆ. ಈ ಮಾತ್ರೆ ಹಾಲಿಗೆ ಇಳಿಯುವುದು ತೀರಾ ಕಡಿಮೆ, ಮಗುವಿಗೇ ಜ್ವರ ಬಂದರೂ ಡಾಕ್ಟರು ಕೊಡುವುದು ಇದೇ ಔಷಧಿ ಅಂದಾಗ ಸುಮ್ಮನಾದರು. ಸಂಜೆಗೆ ಸೊಸೆ ಎದ್ದು ಕೂತು ಹಾಲು ಕುಡಿಸುತ್ತಿದ್ದಳು. ಅತ್ತೆ ಪಕ್ಕದ ಮಂಚದವಳಿಗೆ ‘ಮಾತ್ರೆ ತಗೊಂಡ್ಯೇನಮ್ಮಾ’ ಅಂತ ವಿಚಾರಣೆ ನಡೆಸಿದ್ದರು!

ಅಯ್ಯೋ, ಹೊತ್ತಾಗಿಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಆಪರೇಷನ್‌ಗೆ 6 ಗಂಟೆ ಮುಂಚೆ ಊಟ ನಿಲ್ಲಿಸಿ. ನೀರು ಎಲ್ಲಿಯವರೆಗೆ ಕುಡಿಯಬಹುದು ಅಂತ ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ಒಗ್ಗದ ಔಷಧಿ ಇದ್ದರೆ, ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಆಪರೇಷನ್ ಆದ ಮೇಲೆ ಎದ್ದು ಕೂತರೆ ಜೋರು ತಲೆನೋವು, ಮಲಗಿದರೆ ಕಡಿಮೆ, ಹೀಗಾದರೆ ದಿಂಬು ತೆಗೆದು ಸುಮ್ನೆ ಮಲಗಬೇಡಿ, ನಮ್ಮನ್ನು ಕರೆಯಿರಿ. ಅದಕ್ಕೂ ಚಿಕಿತ್ಸೆ ಇದೆ.

ಮನೆಗೆ ಹೋದ ಮೇಲೂ ಚೀಟಿಯಲ್ಲಿ ಬರೆದಷ್ಟು ದಿನ ಮಾತ್ರೆ ತಪ್ಪಿಸಬೇಡಿ. ಜಾಸ್ತಿ ಜನ ಬಿಡುವುದು ರಾತ್ರಿಯ ಮಾತ್ರೆಯನ್ನೇ. ಅಲಾರಂ ಇಟ್ಟುಕೊಳ್ಳಿ. ಮಗು ಹೇಗೂ ಎಬ್ಬಿಸಿರುತ್ತದೆ ಬಿಡಿ. ನಮಸ್ಕಾರ.