ಎಲೆ ಆಮೇಲೆ, ಮೊದಲು ನೀರು ನೋಡಿ: ಶರತ್ಕಾಲದ ಕಯಾಕ್, ಕನೂ ಜಾಗಗಳು

ನಮಸ್ಕಾರ. ಈಗ ಸ್ಕ್ರೀನ್ ಮೇಲೆ ಹೊಗೆಯಾಡುತ್ತಿದೆಯಲ್ಲ, ಅದು ಎಡಿಟಿಂಗ್‌ನಲ್ಲಿ ಸೇರಿಸಿದ್ದಲ್ಲ. ಶರತ್ಕಾಲದ ರಾತ್ರಿ ಗಾಳಿ ಬೇಗ ತಣ್ಣಗಾಗುತ್ತದೆ. ಸರೋವರ ಮಾತ್ರ ಬೇಸಿಗೆಯ ಬಿಸಿಯನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೆಚ್ಚಗಿನ ನೀರಿನಿಂದ ಎದ್ದ ಆವಿ ತಣ್ಣನೆ ಗಾಳಿಗೆ ತಾಗಿ ಹೀಗೆ ಮಂಜಾಗುತ್ತದೆ. ಬಿಸಿಲು ಏರುತ್ತಿದ್ದ ಹಾಗೆ ಹೋಗಿಬಿಡುತ್ತದೆ.

ಈ ಕಾಲದಲ್ಲಿ ಕಯಾಕ್, ಕನೂ ಅನ್ನುವ ಹುಟ್ಟು ಹಾಕುವ ಸಣ್ಣ ದೋಣಿಗಳನ್ನು ಎಲ್ಲಿ ಇಳಿಸುವುದು ಅಂತ ಹುಡುಕಿದರೆ ಬರೀ ಕೆಂಪು ಎಲೆಗಳ ಫೋಟೋ ಸಿಗುತ್ತವೆ. ಫೋಟೋ ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಜಾಗದ ನೀರು ಶರತ್ಕಾಲದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ಅದರಲ್ಲಿ ಗೊತ್ತಾಗುವುದಿಲ್ಲ. ನಾನು ಜಾಗ ಆರಿಸುವುದು ಅದನ್ನು ನೋಡಿಯೇ.

ನನ್ನ ಮೊದಲ ಆಯ್ಕೆ ಸರೋವರ. ಕೆನಡಾದ ಒಂಟಾರಿಯೊದಲ್ಲಿರುವ ಆಲ್ಗೊಂಕ್ವಿನ್ ಪಾರ್ಕ್ 1893ರಲ್ಲಿ ಶುರುವಾಗಿದ್ದು. ಅಲ್ಲಿ 2,000 ಕಿಲೋಮೀಟರಿಗೂ ಜಾಸ್ತಿ ಕನೂ ದಾರಿಗಳಿವೆ. ಒಂದು ಸರೋವರ ಮುಗಿದರೆ ದೋಣಿಯನ್ನು ತಲೆ ಮೇಲೆ ಹೊತ್ತು ಕಾಡಿನೊಳಗೆ ನಡೆಯಬೇಕು, ಮುಂದಿನ ಸರೋವರಕ್ಕೆ ಇಳಿಸಬೇಕು. ಇದಕ್ಕೆ ಪೋರ್ಟೇಜ್ ಅನ್ನುತ್ತಾರೆ. ಬೆವರು ಇಳಿಯುವ ಕೆಲಸ, ಆದರೆ ಶರತ್ಕಾಲದಲ್ಲಿ ಸೊಳ್ಳೆ ಕಾಟ ಇರುವುದಿಲ್ಲ, ಅದೇ ದೊಡ್ಡ ಪುಣ್ಯ. ಮೇಪಲ್ ಕೆಂಪಾಗುವುದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ಜನ ಜಾತ್ರೆಯೂ ಆಗಲೇ. ನನಗೆ ಇಷ್ಟವಾಗುವುದು ಅಕ್ಟೋಬರ್ ಮಧ್ಯಭಾಗ. ಮೇಪಲ್ ಆಗಲೇ ಬೋಳಾಗಿರುತ್ತದೆ, ಟ್ಯಾಮರಾಕ್ ಮರಗಳ ಸರದಿ ಬಂದಿರುತ್ತದೆ. ಸೂಜಿ ಎಲೆಯ ಮರವಾದರೂ ಇದು ಬಣ್ಣ ಬದಲಿಸಿ ಎಲೆ ಉದುರಿಸುತ್ತದೆ. ಹಳದಿ ಸೂಜಿಗಳು ನೀರಿನ ಮೇಲೆ ತೇಲುತ್ತಿರುತ್ತವೆ, ಹುಟ್ಟು ಎತ್ತಿದಾಗಲೆಲ್ಲ ಒಂದೆರಡು ಅದಕ್ಕೆ ಅಂಟಿಕೊಂಡು ಬರುತ್ತವೆ. ಅಂದಹಾಗೆ, ಇದು ಮೂಸ್ ಅನ್ನುವ ಭಾರಿ ಗಾತ್ರದ ಜಿಂಕೆಗಳು ಜೋಡಿ ಹುಡುಕುವ ಕಾಲ. ಗಂಡು ಮೂಸ್ ಕಂಡರೆ ಫೋಟೋಗೆ ಅಂತ ಹತ್ತಿರ ಹೋಗಬೇಡಿ.

ಗಡಿ ದಾಟಿದರೆ ಅಮೆರಿಕದ ಮಿನೆಸೋಟಾದಲ್ಲಿ ಬೌಂಡರಿ ವಾಟರ್ಸ್ ಇದೆ. ಸಾವಿರಕ್ಕೂ ಜಾಸ್ತಿ ಸರೋವರಗಳು. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಅಲ್ಲಿ ರಾತ್ರಿ ತಂಗಲು ಪರ್ಮಿಟ್‌ಗೆ ಪೈಪೋಟಿ, ದಿನಕ್ಕೆ ಇಂತಿಷ್ಟೇ ತಂಡ ಅಂತ ಕೋಟಾ. ಅಕ್ಟೋಬರ್ 1ರಿಂದ ಕೋಟಾ ಇಲ್ಲ. ಪರ್ಮಿಟ್ ಬೇಕೇ ಬೇಕು, ಆದರೆ ಅರ್ಜಿಯನ್ನು ನೀವೇ ತುಂಬಿಕೊಂಡು ಒಳಗೆ ಹೋಗಬಹುದು. ಚಳಿ ತಡೆಯುವ ಶಕ್ತಿ ಇದ್ದವರಿಗೆ ಇದಕ್ಕಿಂತ ಇನ್ನೇನು ಬೇಕು?

ನದಿಗಳ ಕಥೆ ಬೇರೆ. ಫ್ರಾನ್ಸ್‌ನ ಆರ್ಡೆಶ್ ಕಣಿವೆ ನೋಡಿ. ಪಾಂ ದಾರ್ಕ್ ಅನ್ನುವ ಸಹಜವಾದ ಕಲ್ಲಿನ ಕಮಾನಿನ ಕೆಳಗೆ ದೋಣಿ ನುಗ್ಗುತ್ತದೆ, ಸೆಪ್ಟೆಂಬರ್ ಶುರುವಿನಲ್ಲಿ ಸೊಗಸು. ಆದರೆ ಅಲ್ಲಿ ಶರತ್ಕಾಲ ಅಂದರೆ ಪ್ರವಾಹದ ಕಾಲ ಕೂಡ. ಮೆಡಿಟರೇನಿಯನ್ ಸಮುದ್ರದ ಬೆಚ್ಚಗಿನ ತೇವದ ಗಾಳಿ ಸೆವೆನ್ ಅನ್ನುವ ಬೆಟ್ಟಸಾಲಿಗೆ ಬಡಿದು ಒಂದೇ ಸಮನೆ ಮಳೆ ಸುರಿಸುತ್ತದೆ. ಕೆಲವೇ ಗಂಟೆಗಳಲ್ಲಿ ನದಿ ಮೀಟರ್‌ಗಟ್ಟಲೆ ಏರುತ್ತದೆ. ಕಣಿವೆಯಲ್ಲಿ ಎರಡೂ ಕಡೆ ಬಂಡೆ, ಬೇಕೆಂದಲ್ಲಿ ದಡ ಹತ್ತುವುದಕ್ಕೆ ಆಗುವುದಿಲ್ಲ. ಹಾಗಾಗಿ ನೀವು ಇಳಿಯುವ ಜಾಗದಲ್ಲಿ ಬಿಸಿಲಿದ್ದರೆ ಸಾಲದು, ಮೇಲಿನ ಬೆಟ್ಟದ ಹವಾಮಾನ ನೋಡಿ.

ಅಮೆರಿಕದ ಆರ್ಕನ್ಸಾದಲ್ಲಿರುವ ಬಫಲೋ ನದಿಗೆ ಇದರ ಉಲ್ಟಾ ತೊಂದರೆ. ಅಣೆಕಟ್ಟೇ ಇಲ್ಲದ ನದಿ, ಮಳೆ ಬಂದರೆ ನೀರು. ಬೇಸಿಗೆ ಮುಗಿಯುವ ಹೊತ್ತಿಗೆ ಮೇಲ್ಭಾಗದಲ್ಲಿ ದೋಣಿ ತೇಲುವುದಕ್ಕಿಂತ ಕಲ್ಲಿಗೆ ಉಜ್ಜುವುದೇ ಜಾಸ್ತಿ. ಒಳ್ಳೆ ಮಳೆ ಆಗಿಲ್ಲ ಅಂದರೆ ಕೆಳಭಾಗಕ್ಕೆ ಹೋಗಿ.

ಇನ್ನು ವೆಸ್ಟ್ ವರ್ಜೀನಿಯಾದ ಗಾಲಿ ನದಿ. ಚಳಿಗಾಲದ ಮಳೆಗೆ ಜಾಗ ಮಾಡಲು ಸಮ್ಮರ್ಸ್‌ವಿಲ್ ಅಣೆಕಟ್ಟಿನಿಂದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೊದಲೇ ಹೇಳಿದ ದಿನಗಳಲ್ಲಿ ನೀರು ಬಿಡುತ್ತಾರೆ. ಪಳಗಿದ ಕಯಾಕ್ ಮಂದಿಗೆ ಅದು ಹಬ್ಬ. ಮೇಲಿನ ಭಾಗದಲ್ಲಿ ಐದನೇ ದರ್ಜೆಯ, ಅಂದರೆ ತುಂಬಾ ಕಷ್ಟದ ರಭಸ ಇದೆ, ಹೊಸಬರು ದಡದಲ್ಲಿ ನಿಂತು ನೋಡಿದರೆ ಸಾಕು.

ಹೊಸಬರಿಗೆ ನಾನು ಹೇಳುವುದು ಜರ್ಮನಿಯ ಶ್ಪ್ರೇವಾಲ್ಡ್. ಬರ್ಲಿನ್‌ನ ದಕ್ಷಿಣಕ್ಕಿದೆ. ಮರಗಳ ನಡುವೆ ಸಣ್ಣ ಸಣ್ಣ ಕಾಲುವೆಗಳು, ಸೆಳೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಲೇಡೆ ಅನ್ನುವ ಹಳ್ಳಿಗೆ ಅಂಚೆಯೂ ದೋಣಿಯಲ್ಲೇ ಬರುತ್ತದೆ. ಸ್ಕಾಟ್ಲೆಂಡಿನ ಲಾಕ್ ನೆಸ್ ಮಾತ್ರ ಮೊದಲ ಸಲಕ್ಕೆ ಬೇಡ. ಸುಮಾರು 37 ಕಿಲೋಮೀಟರ್ ಉದ್ದದ ನೇರ ಸರೋವರ, ಎರಡೂ ಕಡೆ ಬೆಟ್ಟ. ಶರತ್ಕಾಲದ ಗಾಳಿ ಅದರ ಉದ್ದಕ್ಕೂ ಬೀಸಿದರೆ ಸಮುದ್ರದ ಹಾಗೆ ಅಲೆ ಏಳುತ್ತದೆ.

ಬಟ್ಟೆ ವಿಷಯ ಹೇಳಲೇಬೇಕು. ಬಿಸಿಲು ನೋಡಿ ಟೀ ಶರ್ಟ್‌ನಲ್ಲಿ ಇಳಿಯಬೇಡಿ. ಬಟ್ಟೆ ಹಾಕಬೇಕಾದದ್ದು ನೀರಿನ ತಂಪಿಗೆ, ಗಾಳಿಯ ಬಿಸಿಗಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಬಿಸಿಯನ್ನು ಎಳೆದುಕೊಳ್ಳುತ್ತದೆ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಬಿದ್ದರೆ ಮೊದಲ ನಿಮಿಷ ಉಸಿರೇ ಹಿಡಿತಕ್ಕೆ ಸಿಗುವುದಿಲ್ಲ. ಆಗ ಈಜು ಬಂದರೂ ಉಪಯೋಗ ಇಲ್ಲ, ಲೈಫ್ ಜಾಕೆಟ್ ಮೈಮೇಲೆ ಇರಬೇಕು. ದೋಣಿಯೊಳಗೆ ಮಡಚಿಟ್ಟರೆ ಏನು ಬಂತು? ಕಯಾಕ್‌ನಲ್ಲಿ ಇನ್ನೊಂದು ಕಿರಿಕಿರಿ: ಪ್ಯಾಡಲ್ ಎತ್ತಿದಾಗ ನೀರು ಹಿಡಿಯ ಮೇಲಿಂದ ಜಾರಿ ಅಂಗೈ ದಾಟಿ ತೋಳಿನೊಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಹಾಯೆನಿಸುತ್ತದೆ. ಅಕ್ಟೋಬರ್‌ನಲ್ಲಿ ಬೆರಳು ಮರಗಟ್ಟುತ್ತದೆ. ಮಣಿಕಟ್ಟು ಬಿಗಿಯಿರುವ ಜಾಕೆಟ್ ಹಾಕಿ. ಒಣ ಬಟ್ಟೆ ಒಂದು ಜೊತೆ, ನೀರು ಒಳಗೆ ಹೋಗದ ಡ್ರೈ ಬ್ಯಾಗ್‌ನಲ್ಲಿರಲಿ.

ಉತ್ತರದಲ್ಲೆಲ್ಲ ಹಿಮ ಬಿದ್ದ ಮೇಲೂ ಆಸೆ ತೀರಲಿಲ್ವಾ? ಭೂಮಿಯ ದಕ್ಷಿಣಾರ್ಧದಲ್ಲಿ ಶರತ್ಕಾಲ ಶುರುವಾಗುವುದೇ ಮಾರ್ಚ್‌ನಲ್ಲಿ. ನ್ಯೂಜಿಲೆಂಡಿನ ಏಬಲ್ ಟಾಸ್ಮನ್ ಕರಾವಳಿಯಲ್ಲಿ ಆಗ ಬೇಸಿಗೆಯ ಜನ ಕರಗಿರುತ್ತಾರೆ, ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ. ಒಂದೇ ಮಾತು, ಅಲ್ಲಿ ಉಬ್ಬರ ಇಳಿತ ಜೋರು. ಹೊರಡುವ ಮೊದಲು ಆ ದಿನದ ವೇಳಾಪಟ್ಟಿ ನೋಡಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಬರುವಾಗ ಕೆಸರಿನಲ್ಲಿ ದೋಣಿ ಎಳೆದುಕೊಂಡು ನಡೆಯಬೇಕಾಗುತ್ತದೆ.